ಟೇಪಿನ ಇನ್ನೊಂದು ತುದಿ

ಅದು ಆಟದ ರೈಲಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಾಸಿಕದ ಪಂಚವಟಿಯ ನಮ್ಮ ವಾಡೆಯಲ್ಲಿ ಬಾಡಿಗೆಗಿದ್ದವರೆಲ್ಲ ಹಾಗೇ ತಿಳಿದಿದ್ದರು. ಮಕ್ಕಳಿಲ್ಲದ ಮನೆ, ತಲೆ ನರೆತ ಅಣ್ಣತಮ್ಮ ಕೂತು ರೈಲಾಟ ಆಡುತ್ತಾರೆ ಎಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರಂತೆ. ನಗಲಿ, ಅವರಿಗೇನು ಗೊತ್ತು. ನನ್ನ ಅಣ್ಣ ಮನ್ಮಥಪ್ಪನ ನೌಕರಿ, ಮಾನ, ಬಹುಶಃ ಜೈಲು, ಎಲ್ಲವೂ ಆ ಹಲಗೆಯ ಮೇಲಿತ್ತು.

ನಾವು ಬೀದರ ಕಡೆಯ ಭಾಲ್ಕಿಯವರು. ನಾನು ಸಾತಪುರದ ಒಂದು ಕಾರ್ಖಾನೆಯಲ್ಲಿ ಲೇಥಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಅಣ್ಣ ಮನ್ಮಾಡದಿಂದ ಔರಂಗಾಬಾದಿಗೆ ಹೋಗುವ ಸಣ್ಣ ಹಳಿಯ ದಾರಿಯಲ್ಲಿ ಸ್ಟೇಶನ್ ಮಾಸ್ತರ. ಔರಂಗಾಬಾದಿಗೆ ಈಗ ಬೇರೆ ಹೆಸರಿದೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಸ್ಟೇಶನ್ನಿನ ಹೆಸರು ಹೇಳಿ ಏನಾಗಬೇಕಿದೆ, ಬಿಡಿ. ಅಲ್ಲಿ ಎರಡೇ ಹಳಿ. ಒಂದು ನೇರ ಹೋಗುವುದು, ಇನ್ನೊಂದು ಪಕ್ಕಕ್ಕೆ ಸರಿದು ಗಾಡಿ ನಿಲ್ಲುವುದು. 1971ರ ಜನವರಿಯಲ್ಲಿ, ದೀಪ ಹಚ್ಚುವ ಹೊತ್ತಿಗೆ, ಒಂದು ಗೂಡ್ಸ್ ಗಾಡಿ ಪಕ್ಕದ ಹಳಿಗೆ ಬಂದು ನಿಂತಿತು. ಪೂರ್ತಿ ಒಳಗೆ ಬರಲಿಲ್ಲ. ಬಾಲದಲ್ಲಿದ್ದ ಗಾರ್ಡಿನ ಡಬ್ಬಿ ಎರಡು ಹಳಿ ಕೂಡುವಲ್ಲಿಯೇ ಉಳಿಯಿತು. ಎದುರಿನಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ಸಿಗೆ ಅಣ್ಣ ಸಿಗ್ನಲ್ ಕೊಡಿಸಿದ. ಅದು ನೇರ ಹಳಿಯ ಮೇಲೆ ಹಾದು, ಆ ಡಬ್ಬಿಯನ್ನು ಸೀಳಿತು. ಗಾರ್ಡ್ ಸತ್ತ. ಎಕ್ಸ್‌ಪ್ರೆಸ್ಸಿನಲ್ಲಿ ಇಬ್ಬರು ಸತ್ತರು, ಅವರಲ್ಲಿ ಒಬ್ಬಾಕೆ ಮಗಳ ಬಾಣಂತನಕ್ಕೆ ಹೊರಟವಳು.

ಗಾಡಿ ಪೂರ್ತಿ ಒಳಗೆ ಬಂತೋ ಇಲ್ಲವೋ ನೋಡಲು ಹಳಿ ಕೂಡುವಲ್ಲಿ ಒಬ್ಬ ಪಾಯಿಂಟ್ಸ್‌ಮನ್ ನಿಲ್ಲುತ್ತಾನೆ. ಬಂದಿದ್ದರೆ ಮಾಸ್ತರನಿಗೆ ಹಸಿರು ದೀಪ ತೋರಿಸಬೇಕು, ಇಲ್ಲದಿದ್ದರೆ ಕೆಂಪು. ಆ ಸಂಜೆ ನಿಂತಿದ್ದವನು ಕೊಂಡಿಬಾ. ಅಣ್ಣ ಬರೆದುಕೊಟ್ಟದ್ದು ಹೀಗೆ: ಅವನು ಹಸಿರು ತೋರಿಸಿದ್ದನ್ನು ಆಫೀಸಿನ ಕಿಟಕಿಯಿಂದ ಕಣ್ಣಾರೆ ಕಂಡೆ, ಎಕ್ಸ್‌ಪ್ರೆಸ್ ಬರುವುದು ನೋಡಿ ಆಮೇಲೆ ಕೆಂಪಿಗೆ ತಿರುಗಿಸಿದ. ಮೊದಲಿಂದಲೂ ಕೆಂಪೇ ತೋರಿಸಿದೆ, ಸಾಹೇಬರು ನೋಡಲೇ ಇಲ್ಲ ಎಂದು ಕೊಂಡಿಬಾ ಹೆಬ್ಬೆಟ್ಟು ಒತ್ತಿದ. ಇಬ್ಬರಲ್ಲಿ ಒಬ್ಬ ಸುಳ್ಳ. ನನಗೆ ಯಾರು ಸುಳ್ಳ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು, ಇಷ್ಟಲಿಂಗ ಪೂಜೆಯಾಗದೆ ಒಂದು ಗುಟುಕು ನೀರು ಕುಡಿಯದವನು ನನ್ನಣ್ಣ.

ಸಸ್ಪೆಂಡ್ ಆಗಿ ಅಣ್ಣ ನಮ್ಮ ಮನೆಗೆ ಬಂದ. ಅತ್ತಿಗೆ ತೀರಿಕೊಂಡು ಐದು ವರ್ಷವಾಗಿತ್ತು, ಬೇರೆ ಎಲ್ಲಿಗೆ ಹೋಗಬೇಕು. ಎರಡು ತಿಂಗಳಿಗೆ ಔರಂಗಾಬಾದಿನಲ್ಲಿ ವಿಚಾರಣೆ. ಕಾಗದದ ನಕ್ಷೆ ಸಾಹೇಬರ ತಲೆಗೆ ಹೋಗುವುದಿಲ್ಲ, ಸ್ಟೇಶನ್ನನ್ನೇ ಮಾಡಿ ತೋರಿಸುತ್ತೇನೆ, ಕಿಟಕಿಯಿಂದ ಹಳಿ ಕೂಡುವಲ್ಲಿಯ ದೀಪ ಕಾಣುತ್ತದೋ ಇಲ್ಲವೋ ಅವರೇ ಬಗ್ಗಿ ನೋಡಲಿ ಎಂದು ಅಣ್ಣನಿಗೆ ಹೊಳೆಯಿತು. ಹಳೆಯ ಬಾಗಿಲೊಂದನ್ನು ತಂದು ಅಡ್ಡ ಹಾಕಿ, ಸೀಮೆಸುಣ್ಣದಿಂದ ಹಳಿ ಬರೆದು, ರಟ್ಟಿನ ಆಫೀಸು ನಿಲ್ಲಿಸಿದ. ನೋಡಿ ನನಗೆ ತಡೆಯಲಾಗಲಿಲ್ಲ. ಕೂದಲೆಳೆ ತಪ್ಪಿದರೆ ಮಾಲು ವಾಪಸ್ ಬರುವ ಕಾರ್ಖಾನೆಯಲ್ಲಿ ಕೆಲಸ ಮಾಡುವವನು ನಾನು. ಇದನ್ನು ತಗೊಂಡು ಹೋದರೆ ಸಾಹೇಬರು ನಗುತ್ತಾರೆ, ಸರಿಯಿರಿ ಅಂದೆ.

ಅಲ್ಲಿಂದ ಆ ಬಾಗಿಲು ನನ್ನದಾಯಿತು. ಎಂಟು ಅಡಿಗೆ ಒಂದು ಇಂಚು ಎಂದು ಅಳತೆ ಹಿಡಿದೆ. ಸೈಕಲ್ಲಿನ ಕಡ್ಡಿಗಳನ್ನು ನೆಟ್ಟಗೆ ಮಾಡಿ ಹಳಿ ಹಾಕಿದೆ. ಬಿದಿರಿನ ಸೀಳು ಸ್ಲೀಪರ್ ಆಯಿತು. ಗೋದಾವರಿಯ ಮರಳನ್ನು ನನ್ನ ಹೆಂಡತಿ ಕಸ್ತೂರಿಬಾಯಿಯ ಹಿಟ್ಟಿನ ಜರಡಿಯಲ್ಲಿ ಸೋಸಿ ಜಲ್ಲಿ ಹಾಸಿದೆ, ಅದಕ್ಕೆ ಅವಳಿಂದ ಬೈಸಿಕೊಂಡೆ. ಡಾಲ್ಡಾ ಡಬ್ಬಿಯ ತಗಡಿನಲ್ಲಿ ವ್ಯಾಗನ್ನುಗಳು. ಹಳಿ ಬೇರೆಯಾಗುವಲ್ಲಿನ ಚೂಪು ನಾಲಿಗೆಗಳನ್ನು ಮೂರು ಸಲ ಮಾಡಿ ಮೂರು ಸಲ ಕಿತ್ತೆ. ಅಣ್ಣ ಪಕ್ಕದಲ್ಲಿ ಕೂತು, ಅಲ್ಲೊಂದು ಬೇವಿನ ಮರ, ಇಲ್ಲಿ ಗಂಟೆ ಎಂದು ಹೇಳುತ್ತಿದ್ದ. ಹಳಿ ಕೂಡುವಲ್ಲಿ, ಕೊಂಡಿಬಾ ನಿಂತ ಜಾಗಕ್ಕೆ, ಟಾರ್ಚಿನ ಬಲ್ಬಿಗೆ ಹಸಿರು ಕಾಗದ ಸುತ್ತಿ ನೆಟ್ಟೆ. ಆಫೀಸಿಗೆ ಹೆಬ್ಬೆರಳಿನ ಉಗುರಿನಷ್ಟು ಕಿಟಕಿ ಕೊರೆದು ಕಣ್ಣಿಟ್ಟರೆ ದೀಪ ಸ್ಪಷ್ಟ ಕಾಣುತ್ತಿತ್ತು. ಅಣ್ಣನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ಸುಳ್ಳೇಕೆ ಹೇಳಲಿ, ಆ ಆರು ವಾರ ನಾನು ಬಹಳ ಸುಖವಾಗಿದ್ದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಕೈಗಳು ಸುಮ್ಮನಿರುವ ಜಾತಿಯವಲ್ಲ. ಅಣ್ಣನ ನೆನಪಿನ ಅಳತೆ ಬೇಡ, ಹೋಗಿ ಟೇಪು ಹಿಡಿದು ಬರುತ್ತೇನೆ ಅಂದೆ. ಅಣ್ಣ ಬೇಡ ಅಂದ. ನನಗೆಲ್ಲ ನೆನಪಿದೆ, ಸುಮ್ಮನೆ ರಜೆ ಹಾಳು ಅಂದ. ನನಗೆ ತೊಂದರೆ ಎಂದು ಹಾಗೆ ಹೇಳುತ್ತಾನೆಂದು ತಿಳಿದೆ. ಒಂದು ಭಾನುವಾರ, ಸಂಬಂಧಿಕರ ಮನೆಗೆಂದು ಹೇಳಿ, ಮನ್ಮಾಡದಲ್ಲಿ ಗಾಡಿ ಬದಲಿಸಿ ಆ ಸ್ಟೇಶನ್ನಿಗೆ ಇಳಿದೆ.

ಪ್ಲಾಟ್‌ಫಾರ್ಮಿನಲ್ಲಿ ಟೇಪು ಬಿಚ್ಚಿ ಒಬ್ಬನೇ ಒದ್ದಾಡುತ್ತಿದ್ದಾಗ ಒಬ್ಬ ಬಂದು ಇನ್ನೊಂದು ತುದಿ ಹಿಡಿದ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಯಾರೆಂದು ಕೇಳಿದರೆ, ನಾನು ಕೊಂಡಿಬಾ ಅಂದ. ಅವನೂ ಸಸ್ಪೆಂಡ್ ಆಗಿದ್ದ, ವಿಚಾರಣೆ ಮುಗಿಯುವವರೆಗೆ ಕ್ವಾರ್ಟರ್ಸ್ ಬಿಡಿಸಿರಲಿಲ್ಲ.  ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂದುಕೊಂಡೆ. ನಾನು ಮಾಸ್ತರರ ತಮ್ಮ, ಹೀಗೆ ಮಾದರಿ ಮಾಡುತ್ತಿದ್ದೇನೆ ಎಂದು ಹೇಳಿದೆ. ಅವನ ಮುಖ ಅರಳಿತು. ಸರಿಯಾಗಿ ಅಳೆಯಿರಿ, ಒಂದಿಂಚೂ ಬಿಡಬೇಡಿ, ಇದ್ದದ್ದನ್ನು ಇದ್ದಂತೆ ಮಾಡಿದರೆ ಸಾಹೇಬರಿಗೆ ಎಲ್ಲ ತಾನೇ ಕಾಣುತ್ತದೆ ಅಂದ. ದಿನವಿಡೀ ನನ್ನ ಜೊತೆ ತಿರುಗಿದ. ಅವನ ಹೆಂಡತಿ ಶಾಂತಾಬಾಯಿ ಕೆಮ್ಮುತ್ತಲೇ ಜೋಳದ ರೊಟ್ಟಿ, ನಂಚಿಕೊಳ್ಳಲು ಖಾರದ ಹಿಂಡಿ ತಂದುಕೊಟ್ಟಳು. ನಾಸಿಕಕ್ಕೆ ಬಂದರೆ ಪಂಚವಟಿಯ ನಮ್ಮ ಮನೆಗೆ ಬಾ ಎಂದು ನಾನೇ ವಿಳಾಸ ಹೇಳಿದೆ, ದೊಡ್ಡ ಮನುಷ್ಯನ ಹಾಗೆ.

ಹೊರಡುವ ಮುಂಚೆ ಅವನು ಇನ್ನೊಂದು ತೋರಿಸಿದ. ಆಫೀಸಿನ ಕಿಟಕಿಯಿಂದ ಸ್ವಲ್ಪ ಮುಂದೆ, ಪ್ಲಾಟ್‌ಫಾರ್ಮಿನ ಕಲ್ಲಿನ ಸಂದುಗಳಲ್ಲಿ ಇನ್ನೂ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಆ ದಿನ ವ್ಯಾಗನ್ ಸಿಗದೆ ಇಲ್ಲಿ ಗೋಣಿಯಲ್ಲಿ ಹೊಲಿದ ಹತ್ತಿಯ ಅಂಡಿಗೆಗಳನ್ನು ನಾಲ್ಕು ರಾಶಿ ಒಟ್ಟಿದ್ದರು, ಎರಡಾಳು ಎತ್ತರ ಇದ್ದವು, ಮೂರನೇ ದಿನ ತುಂಬಿಸಿಕೊಂಡು ಹೋದರು ಅಂದ. ಉದ್ದ, ಅಗಲ, ಎತ್ತರ ಹೇಳಿದ. ನಾನು ಪುಸ್ತಕದಲ್ಲಿ ಬರೆದುಕೊಂಡೆ. ತಲೆ ಓಡಲಿಲ್ಲವೇ ಎಂದು ನೀವು ಕೇಳಬಹುದು. ಓಡಲಿಲ್ಲ. ಅಣ್ಣ ದೀಪ ಕಂಡೆ ಅಂದಿದ್ದಾನೆ, ಅಂದಮೇಲೆ ರಾಶಿಯ ಪಕ್ಕದಿಂದಲೋ ಮೇಲಿಂದಲೋ ಕಂಡಿರಬೇಕು ಎಂದು ನಂಬಿದ್ದೆ. ಅದನ್ನೂ ಇಟ್ಟು ತೋರಿಸಿದರೆ ಅಣ್ಣನ ಮಾತು ಇನ್ನೂ ಗಟ್ಟಿಯಾಗುತ್ತದೆ ಎಂದು ಹಿಗ್ಗುತ್ತ ಮನೆಗೆ ಬಂದೆ. ಎಂಥ ಮುಠ್ಠಾಳ ನಾನು!

ಎಂಟು ಅಡಿಗೆ ಒಂದು ಇಂಚಿನಂತೆ ನೋಡಿದರೆ ಒಂದೊಂದು ರಾಶಿ ಒಂದೊಂದು ಬೆಂಕಿಪೆಟ್ಟಿಗೆಯಷ್ಟು, ಪಕ್ಕೆಯ ಮೇಲೆ ನಿಲ್ಲಿಸಿದಷ್ಟು. ನಾಲ್ಕು ಪೆಟ್ಟಿಗೆಗೆ ಗೋಣಿ ಅಂಟಿಸಿ, ಮಸಿಯಿಂದ ಅಂಡಿಗೆಯ ಗೆರೆ ಎಳೆದೆ. ಮರುದಿನ ಕೆಲಸದಿಂದ ಬಂದವನೇ ಅವನ್ನು ಅಳತೆಯ ಜಾಗದಲ್ಲಿಟ್ಟು, ಬಲ್ಬು ಹಚ್ಚಿ, ನೋಡಿರಿ ಎಂದು ಅಣ್ಣನನ್ನು ಕರೆದೆ. ಅಣ್ಣ ಕಿಟಕಿಗೆ ಕಣ್ಣಿಟ್ಟ. ಬಗ್ಗಿದವನು ಬಗ್ಗಿಯೇ ಇದ್ದ. ನಾನೂ ಬಗ್ಗಿ ನೋಡಿದೆ. ಗೋಣಿ ಬಿಟ್ಟರೆ ಏನೂ ಕಾಣಲಿಲ್ಲ. ಪೆಟ್ಟಿಗೆ ತಪ್ಪಿಟ್ಟೆನೇನೋ ಎಂದು ಪುಸ್ತಕ ತೆಗೆದು ಮತ್ತೆ ಅಳೆದೆ. ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ಹಸಿರಲ್ಲ, ಕೆಂಪಲ್ಲ, ಆ ಕಿಟಕಿಯಿಂದ ಆ ಸಂಜೆ ಯಾವ ದೀಪವೂ ಕಾಣುವಂತಿರಲಿಲ್ಲ.

“ಇವನ್ನ ಇಡು ಅಂತ ಯಾರ್ ಹೇಳಿದ್ರು ನಿನಗ?” ಅಂದ ಅಣ್ಣ.

ಸ್ಟೇಶನ್ನಿಗೆ ಹೋಗಿದ್ದನ್ನು, ಕೊಂಡಿಬಾ ಅಳತೆ ಕೊಟ್ಟಿದ್ದನ್ನು ಹೇಳಿದೆ. ಅಣ್ಣ ನೆಲದ ಮೇಲೆ ಕೂತುಬಿಟ್ಟ. ಬೆಳಗಿನಿಂದ ಗಾಡಿಯ ಮೇಲೆ ಗಾಡಿ, ಸಂಜೆಯವರೆಗೂ ಪೂಜೆಗೆ ಬಿಡುವಾಗಿರಲಿಲ್ಲವಂತೆ. ಹೊಟ್ಟೆಗೆ ನೀರೂ ಇರಲಿಲ್ಲ. ಗೂಡ್ಸ್ ಬರುವುದಕ್ಕೆ ಸ್ವಲ್ಪ ಮುಂಚೆ ಕಿಟಕಿಯ ಹತ್ತಿರ ಕೂತು ಪೂಜೆ ಶುರುಮಾಡಿದನಂತೆ.

“ಲಿಂಗ ಅಂಗೈಯಾಗ ಇತ್ತು, ವಿಶ್ವಾ. ಹ್ಯಾಂಗ ಏಳಲಿ? ಗಾಡಿ ನಿಂತ ಸಪ್ಪಳ ಕೇಳ್ತು. ದಿನಾ ಹಂಗೇ ನಿಲ್ತದ. ಬಲಗೈ ಎತ್ತಿದೆ, ಸಿಗ್ನಲ್ ಬಿಟ್ರು.”

ನಮ್ಮಲ್ಲಿ ಲಿಂಗ ಅಂಗೈಗೆ ಬಂದ ಮೇಲೆ ಪೂಜೆ ಮುಗಿಯುವವರೆಗೆ ಏಳಬಾರದು, ಮಾತಾಡಬಾರದು. ನಮ್ಮಜ್ಜ ಮನೆಗೆ ಬೆಂಕಿ ಬಿದ್ದಾಗಲೂ ಎದ್ದಿರಲಿಲ್ಲ ಎಂದು ಹೇಳಿ ಹೇಳಿ ನಮ್ಮನ್ನು ಬೆಳೆಸಿದ್ದರು. ಸಿಗ್ನಲ್ ಎಳೆಯುವ ಲಿವರಿನ ಹತ್ತಿರವಿದ್ದವನು ಕಿಟಕಿಯಲ್ಲಿ ಎತ್ತಿದ ಕೈ ಕಂಡ, ಅಷ್ಟೇ. ಮೂರು ಜೀವ ಹೋದವು. ನನಗೆ ಅಣ್ಣನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಎದುರಿಗೆ ಅಣ್ಣನನ್ನು ನೀವು ಎಂದೇ ಮಾತಾಡಿಸಿದ್ದೇನೆ ಕೊನೆಯವರೆಗೂ, ಈಗ ಹೇಳುವಾಗ ಬಹುವಚನ ಬರುತ್ತಿಲ್ಲ.

ಅಣ್ಣ ಪೆಟ್ಟಿಗೆಗಳ ಕಡೆ ಕೈ ಮಾಡಿ ಅಂದ: “ಅವು ಇರೂದು ಬ್ಯಾಡ. ತಗದುಬಿಡು.”

ತೆಗೆದೆ. ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಒಲೆಯ ಮುಂದಿದ್ದ ಕಸ್ತೂರಿಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. ಅಣ್ಣ ಹೊರಗೆ ಹೋದ ಮೇಲೆ, “ಆ ಶಾಂತಾಬಾಯಿ ಕೈ ರೊಟ್ಟಿ ತಿಂದು ಬಂದೀರಿ ನೀವು,” ಅಂದಳು. ನಿನಗೇನು ತಿಳಿಯುತ್ತದೆ ಸುಮ್ಮನಿರು ಎಂದು ಗದರಿದೆ. ಅವಳಿಗೆ ತಿಳಿಯುತ್ತದೆ ಎಂಬುದೇ ನನ್ನ ಸಂಕಟವಾಗಿತ್ತು.

ಔರಂಗಾಬಾದಿನ ವಿಚಾರಣೆಗೆ ಆ ಬಾಗಿಲನ್ನು ಗಾಡಿಯ ಸಾಮಾನು ಡಬ್ಬಿಯಲ್ಲಿ ಸಾಗಿಸಿದೆವು. ಸಾಹೇಬರು ಮೂರು ಜನ. ಬಾಗಿಲ ಸುತ್ತ ತಿರುಗಿ, ಬೇವಿನ ಮರ ಮುಟ್ಟಿ, ಕೈಕೆಲಸ ಅಂದರೆ ಇದು ಎಂದರು. ಒಬ್ಬೊಬ್ಬರಾಗಿ ಬಗ್ಗಿ ಕಿಟಕಿಯಲ್ಲಿ ನೋಡಿದರು. ಹಸಿರು ದೀಪ ಚೆನ್ನಾಗಿ ಕಂಡಿತು. ಕೊಂಡಿಬಾನನ್ನು ಕರೆದರು. ಅವನು ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ, ಮತ್ತೆ ನೋಡಿದ. ಹತ್ತಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ಗೂಡ್ಸ್ ಗುಮಾಸ್ತನನ್ನು ಕರೆಸಿದರು. ಆ ವಾರ ಹತ್ತಿ ಬಂದಿತ್ತು, ಯಾವ ದಿನ ಎಲ್ಲಿ ಒಟ್ಟಿದ್ದೆವೋ ನೆನಪಿಲ್ಲ, ಅದನ್ನೆಲ್ಲ ಯಾರು ಬರೆದಿಡುತ್ತಾರೆ ಅಂದ ಅವನು. ಆಗ ಕೊಂಡಿಬಾ ನನ್ನ ಕಡೆ ಬೆರಳು ಮಾಡಿದ. ಇವರಿಗೆ ಗೊತ್ತು, ಇವರಿಗೆ ಎಲ್ಲ ಅಳೆದು ಕೊಟ್ಟಿದ್ದೇನೆ, ಟೇಪು ನಾನೇ ಹಿಡಿದಿದ್ದೆ ಅಂದ. ದೂರು ಹೇಳುವ ದನಿಯಲ್ಲ ಅದು. ತನಗೊಬ್ಬ ಸಾಕ್ಷಿ ಸಿಕ್ಕ ಎಂಬ ಸಮಾಧಾನ ಅದರಲ್ಲಿತ್ತು.

ದೊಡ್ಡ ಸಾಹೇಬರು ನನ್ನನ್ನು ನೋಡಿ, ನೀನು ಹೋದಾಗ ಅಲ್ಲಿ ಹತ್ತಿಯ ರಾಶಿ ಇತ್ತೇ ಎಂದು ಹಿಂದಿಯಲ್ಲಿ ಕೇಳಿದರು.

ಇರಲಿಲ್ಲ ಸಾಹೇಬ್, ನಾನು ನೋಡಿದ್ದನ್ನಷ್ಟೇ ಮಾಡಿದ್ದೇನೆ ಅಂದೆ. ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೇನೆ, ಒಂದು ದಿನವೂ ನೆಮ್ಮದಿ ಸಿಕ್ಕಿಲ್ಲ. ಕೊಂಡಿಬಾನ ಕೈ ಮೆಲ್ಲಗೆ ಕೆಳಗಿಳಿಯಿತು.

ಅವನನ್ನು ಕೆಲಸದಿಂದ ತೆಗೆದರು. ಆಫೀಸಿನಿಂದ ಹೊರಗೆ ಬಂದು ನೋಡದಿದ್ದುದಕ್ಕೆ ಅಣ್ಣನ ಒಂದು ಬಡ್ತಿ ಹೋಯಿತು, ನೌಕರಿ ಉಳಿಯಿತು. ಬಾಗಿಲು ಮತ್ತೆ ನಮ್ಮ ಮನೆಗೆ ಬಂತು. ಒಡೆದು ಒಲೆಗೆ ಹಾಕೋಣ ಅಂದರೆ ಅಣ್ಣ ಒಪ್ಪಲಿಲ್ಲ. ರಜೆಗೆ ಬಂದಾಗಲೆಲ್ಲ ಅದರ ಮುಂದೆ ಕೂತು ಏನಾದರೂ ಸೇರಿಸುತ್ತಿದ್ದ. ಒಂದು ಬೆಂಚು, ಒಂದು ನೀರಿನ ಹೂಜಿ, ಮೇಕೆ. ಕಿಟಕಿಗೆ ಮಾತ್ರ ಮತ್ತೆ ಕಣ್ಣಿಡಲಿಲ್ಲ.

ಮುಂದಿನ ವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ತಲೆ ಬೋಳಿಸಿಕೊಂಡವನೊಬ್ಬ ಒದ್ದೆ ಪಂಚೆಯಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತ. ಗುರುತು ಹತ್ತಲು ಒಂದು ಗಳಿಗೆ ಹಿಡಿಯಿತು. ಶಾಂತಾಬಾಯಿಯ ಅಸ್ಥಿಯನ್ನು ಗೋದಾವರಿಯ ರಾಮಕುಂಡದಲ್ಲಿ ಬಿಟ್ಟು ಬಂದಿದ್ದ ಕೊಂಡಿಬಾ. ಕ್ವಾರ್ಟರ್ಸ್ ಹೋದ ಮೇಲೆ ಮಳೆಗಾಲವೆಲ್ಲ ತಟ್ಟಿಯ ಗುಡಿಸಲಲ್ಲಿ ಕಳೆದರಂತೆ, ರೈಲ್ವೆ ದವಾಖಾನೆಯೂ ತಪ್ಪಿತ್ತು, ಕೆಮ್ಮು ಎದೆಗೆ ಇಳಿದು ಹೋದಳಂತೆ. ಬೈಯಲಿಲ್ಲ. ವಿಳಾಸ ನೀವೇ ಹೇಳಿದ್ದಿರಿ, ಆ ಮಾದರಿ ಒಮ್ಮೆ ನೋಡಬೇಕಿತ್ತು ಅಂದ.

ಅಣ್ಣ ಆಗ ಮನೆಯಲ್ಲೇ ಇದ್ದ. ನಡುಮನೆಯಲ್ಲಿ, ಆ ಹಲಗೆಯಿಂದ ನಾಲ್ಕು ಮೊಳದ ದೂರದಲ್ಲಿ, ಪೂಜೆಗೆ ಕೂತಿದ್ದ. ಲಿಂಗ ಎಡ ಅಂಗೈಯಲ್ಲಿತ್ತು, ಕಣ್ಣು ತೆರೆದೇ ಇದ್ದವು.

ಕೊಂಡಿಬಾ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.  ಕಸ್ತೂರಿಬಾಯಿ ಒಳಗಿಂದ ಬಂದಳು. ಚಹಾ ತಂದಿದ್ದಾಳೆ ಅಂದುಕೊಂಡೆ. ಅವಳ ಕೈಯಲ್ಲಿದ್ದುದು ಬಿಸ್ಕತ್ತಿನ ಡಬ್ಬಿ. ನನ್ನ ಕಡೆ ನೋಡದೆ ಅವನ ಕೈಗೆ ಕೊಟ್ಟಳು. ಅವನು ಮುಚ್ಚಳ ತೆಗೆದ. ಆಮೇಲೆ ನಾಲ್ಕು ಬೆಂಕಿಪೆಟ್ಟಿಗೆಗಳನ್ನು ಒಂದೊಂದಾಗಿ, ಅವು ಇದ್ದ ಜಾಗದಲ್ಲೇ ಇಟ್ಟ. ಅಳತೆ ನೋಡುವ ಅಗತ್ಯ ಅವನಿಗಿರಲಿಲ್ಲ. ನೆಲಕ್ಕೆ ಬಗ್ಗಿ ಕಿಟಕಿಯಲ್ಲಿ ಕಣ್ಣಿಟ್ಟು ನೋಡಿದ. ಎದ್ದು, ಅಣ್ಣನ ಮುಂದೆ ಹೋಗಿ ನಿಂತ.

“ಸಾಹೇಬ, ಒಂದು ಮಾತು ಅನ್ನಿ,” ಎಂದು ಮರಾಠಿಯಲ್ಲಿ ಕೇಳಿದ. “ಕೆಂಪು ಇತ್ತು ಅಂತ. ಹೊರಗೆ ಯಾರಿಗೂ ಹೇಳುವುದಿಲ್ಲ. ಅವಳೂ ಕೊನೆಗೆ ನನ್ನನ್ನು ನಂಬಲಿಲ್ಲ.”

 ಅಣ್ಣನ ಅಂಗೈಯ ಪತ್ರೆಯೊಂದು ಜಾರಿ ಕೆಳಗೆ ಬಿತ್ತು. ಕೊಂಡಿಬಾ ಕಾದ. ಪೂಜೆ ಮುಗಿಯುವವರೆಗೂ ಕಾಯುತ್ತಾನೆಂದು ತಿಳಿದೆ, ಕಾಯಲಿಲ್ಲ. ಮೆಟ್ಟಿಲಿಳಿದು ಓಣಿಯ ಜನದಲ್ಲಿ ಸೇರಿಹೋದ.

ಅಣ್ಣ ಏಳಲಿಲ್ಲ. ನನ್ನ ಕೈಯಲ್ಲಿ ಯಾವ ಲಿಂಗವೂ ಇರಲಿಲ್ಲ, ನಾನೂ ಏಳಲಿಲ್ಲ.