ಓದಿಸಿಕೊಳ್ಳದ ಸಾಲು

ಉತ್ತರದ ಹಿಮದೂರು ಕೊರ್ಪಿಲಾದಲ್ಲಿ ಬಾಗಿಲಿಗೆ ಪೊರಕೆ ಒರಗಿಸಿಟ್ಟರೆ ಮನೆಯಲ್ಲಿ ಯಾರೂ ಇಲ್ಲ ಎಂದರ್ಥ. ಬೀಗ ಬೇಡ, ಚೀಟಿ ಬೇಡ. ಪೊರಕೆ ಕಂಡವರು ಮೆಟ್ಟಿಲು ಹತ್ತದೆ ಹಿಂದಿರುಗುತ್ತಾರೆ. ಪೊರಕೆ ಇಲ್ಲದಿದ್ದರೂ ಬಹಳ ಜನ ಹಿಂದಿರುಗುತ್ತಾರೆ ಎನ್ನುವುದು ಬೇರೆ ಮಾತು. ಇನ್ನೊಬ್ಬರ ಮನೆ ಬಾಗಿಲು ತಟ್ಟುವುದೆಂದರೆ ಇಲ್ಲಿಯವರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ.

ಹೋದ ಚಳಿಗಾಲದಲ್ಲಿ ಸರೋವರದಾಚೆಯ ವಿಲ್ಯಾಮಿ ಎಂಬ ಮುದುಕ ಅಡುಗೆಮನೆಯಲ್ಲಿ ಸತ್ತು ಬಿದ್ದದ್ದು ವಾರ ಕಳೆದರೂ ಯಾರಿಗೂ ತಿಳಿಯಲಿಲ್ಲ. ಅವನ ಬಾಗಿಲಲ್ಲಿ ಪೊರಕೆ ಇರಲಿಲ್ಲ, ಆದರೂ ಯಾರೂ ತಟ್ಟಲಿಲ್ಲ. ಊರಿಗೆ ಊರೇ ತಲೆ ತಗ್ಗಿಸಿತು. ಆಗ ಊರಿನಲ್ಲಿ ಒಂಟಿಯಾಗಿದ್ದ ತಾರ್ಮೊ ಪೀಪ್ಪೊಲಾ ಕೂತು ಒಂದು ಪ್ರೋಗ್ರಾಂ ಬರೆದ. ಅದಕ್ಕೆ 'ಪೊರಕೆ' ಎಂದೇ ಹೆಸರಿಟ್ಟ. ಬೆಳಿಗ್ಗೆ ಎದ್ದವರು ತಮ್ಮ ಫೋನೋ ಕಂಪ್ಯೂಟರೋ ಯಾವ ಯಂತ್ರವಿದೆಯೋ ಅದರಲ್ಲಿ ಕಾಣುವ ಪೊರಕೆಯ ಚಿತ್ರವನ್ನು ಒಮ್ಮೆ ಒತ್ತಬೇಕು. ಒತ್ತಿದರೆ ಪೊರಕೆ ಬದಿಗೆ ಸರಿದು, ಎಲ್ಲ ಮನೆಗಳಲ್ಲೂ ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಮೂಡುತ್ತದೆ. ಮಧ್ಯಾಹ್ನವಾದರೂ ಒತ್ತದಿದ್ದರೆ ಹತ್ತಿರದ ಎರಡು ಮನೆಗಳ ಯಂತ್ರಗಳು ಗಂಟೆಯಂತೆ ಬಡಿದುಕೊಂಡು, ಹೋಗಿ ನೋಡಿ ಎಂದು ಹೇಳಬೇಕು.

ಬರೆಯುವುದೇನೋ ಸುಲಭ, ಆದರೆ ಊರಿನಲ್ಲಿ ಒಬ್ಬರ ಯಂತ್ರ ಇನ್ನೊಬ್ಬರದರಂತಿಲ್ಲ. ಉರ್ಪೊ ಎಂಬವನದು ಅಂಟುಪಟ್ಟಿ ಸುತ್ತಿದ ಲ್ಯಾಪ್‌ಟಾಪ್. ಹಿಲ್ಕಾ ಎಂಬವಳದು ಮೊಮ್ಮಗಳು ಬೇಡವೆಂದು ಬಿಟ್ಟುಹೋದ ಹಳೇ ಟ್ಯಾಬ್ಲೆಟ್. ಮಿಕ್ಕವರಲ್ಲಿ ಥರಾವರಿ ಫೋನುಗಳು, ಒಬ್ಬಳ ಮಣಿಕಟ್ಟಿನಲ್ಲಿ ಫೋನಿನಂಥ ಗಡಿಯಾರ. ಕೆಲವು ಪ್ರೋಗ್ರಾಂ ಭಾಷೆಗಳಲ್ಲಿ ಬರೆದರೆ ಒಂದೊಂದು ಯಂತ್ರಕ್ಕೂ ಅದಕ್ಕೆ ಅರಗುವಂತೆ ಬೇರೆ ಬೇರೆಯಾಗಿ ಅರೆದು ಕೊಡಬೇಕು. ತಾರ್ಮೊ ಆರಿಸಿಕೊಂಡದ್ದು ಇನ್ನೊಂದು ಜಾತಿ. ಬರಹ ಒಂದೇ, ಪ್ರತಿ ಯಂತ್ರದೊಳಗೂ ಅದನ್ನು ಓದಿ ನಡೆಸಲೆಂದೇ ಇರುವ ಇನ್ನೊಂದು ಪ್ರೋಗ್ರಾಂ, ಅದರದೇ ಆದ ಒಬ್ಬ ಓದುಗ, ಕೂತಿರುತ್ತಾನೆ. ಅವನು ಸಾಲು ಓದುತ್ತಾನೆ, ಓದಿದ್ದನ್ನು ಮಾಡುತ್ತಾನೆ, ಮುಂದಿನ ಸಾಲಿಗೆ ಹೋಗುತ್ತಾನೆ. ಅನುಕೂಲವೂ ಅದೇ, ಅಪಾಯವೂ ಅದೇ. ಪ್ರಸಂಗ ಬಾರದ ಸಾಲನ್ನು ಓದುಗ ಮುಟ್ಟುವುದೇ ಇಲ್ಲ. ಅದರಲ್ಲಿ ಎಂಥ ತಪ್ಪಿದ್ದರೂ ಅದು ವರ್ಷಗಟ್ಟಲೆ ಹಾಯಾಗಿ ಮಲಗಿರಬಲ್ಲದು.

ತಾರ್ಮೊ ಹಿಂದೆ ಔಲು ಪಟ್ಟಣದಲ್ಲಿ ಫೋನುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದವನು. ಕಂಪನಿ ಮುಚ್ಚಿದ ಮೇಲೆ ಇಲ್ಲಿಗೆ ಬಂದ. ಹೆಂಡತಿ ಮಾರ್ಯುತ್ ಜೊತೆಗೆ ಬರಲಿಲ್ಲ. ಜಗಳವೇನೂ ಆಗಿರಲಿಲ್ಲ. "ನೀನು ಇದ್ರೂ ಇಲ್ದಂಗೇ ಇರ್ತೀಯಲ್ಲ, ಇಲ್ದೇ ಇದ್ರೆ ನಂಗೇನು ವ್ಯತ್ಯಾಸ ಆಗುತ್ತೆ ಹೇಳು" ಎಂದಿದ್ದಳು. ಆಮೇಲೆ ಅವನಿಗೆ ಹೊಳೆದ ಉತ್ತರಗಳನ್ನೆಲ್ಲ ಕೇಳುವವರಿರಲಿಲ್ಲ.

ಈಗ ಅವನ ಬೆಳಗುಗಳಿಗೆ ಒಂದು ಚೆಂದ ಬಂದಿತ್ತು. ಕಾಫಿ ಹಿಡಿದು ಪರದೆಯ ಮುಂದೆ ಕೂತರೆ ಚುಕ್ಕೆಗಳು ಒಂದೊಂದಾಗಿ ಮೂಡುತ್ತಿದ್ದವು. ಮೊದಲು ಹಿಲ್ಕಾ, ಶಾಲೆಯ ಅಡುಗೆಮನೆಯಲ್ಲಿ ದುಡಿದವಳು, ಇನ್ನೂ ಸೂರ್ಯನಿಗಿಂತ ಮುಂಚೆ ಏಳುತ್ತಾಳೆ. ಕೊನೆಗೆ ಉರ್ಪೊ, ಮರ ಕಡಿಯುವ ಯಂತ್ರ ಓಡಿಸಿ ನಿವೃತ್ತನಾದವನು, ಏಳುವುದೇ ಊರಿಗೆ ಉಪಕಾರ ಎಂಬಂತೆ ಏಳುತ್ತಾನೆ. ಚುಕ್ಕೆ ಮೂಡಿದಾಗ ತಾರ್ಮೊ "ಎದ್ಯಾ ಮಾರಾಯ" ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದ. ಕೆಲವು ದಿನ ಅವನ ಬಾಯಿಂದ ಹೊರಟ ಮಾತು ಅದೊಂದೇ.

ಮಾರ್ಚ್ ತಿಂಗಳ ಒಂದು ಶನಿವಾರ ಊರ ಸಭಾಮನೆಯಲ್ಲಿ ಕಾಫಿ ಇತ್ತು. ಉರ್ಪೊ ಸಕ್ಕರೆ ಕಲಕುತ್ತ ತಾರ್ಮೊನನ್ನು ಕೆಣಕಿದ.

"ಅಲ್ಲಯ್ಯಾ, ನಿನ್ ಪೊರಕೆ ಒಂದಿನಾನಾದ್ರೂ ಬಡ್ಕೊಂಡಿದ್ಯಾ?"

"ಬಡ್ಕೊಳ್ಳೋ ಪ್ರಸಂಗ ಬಂದಿಲ್ಲ."

"ಮತ್ತೆ ಬಡ್ಕೊಳ್ಳುತ್ತೆ ಅಂತ ಹೆಂಗ್ ಗೊತ್ತು? ಬೊಗಳದೇ ಇರೋ ನಾಯೀನ ಕಟ್ಕೊಂಡು ಕಳ್ಳ ಬರಲ್ಲ ಅಂದಂಗಾಯ್ತು."

"ನನ್ ಕಂಪ್ಯೂಟರ್‌ನಲ್ಲಿ ನೋಡಿದೀನಿ. ಸರಿಯಾಗೇ ಇದೆ."

"ನಿನ್ ಕಂಪ್ಯೂಟರ್‌ನಲ್ಲಿ!" ಎಂದು ಹಿಲ್ಕಾ ನಕ್ಕಳು. "ನಮ್ ಅಡುಗೆಮನೇಲೂ ಎಲ್ಲಾ ಸರಿಯಾಗೇ ಇರ್ತಿತ್ತು, ಮಕ್ಕಳ ತಟ್ಟೆಗೆ ಬಿದ್ಮೇಲೆ ತಾನೇ ಗೊತ್ತಾಗ್ತಿದ್ದದ್ದು."

ಎಲ್ಲರೂ ನಕ್ಕರು, ತಾರ್ಮೊನೂ ನಕ್ಕ. ಆದರೆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ನಿಜವೇ, ಆ ಸಾಲುಗಳನ್ನು ಹಿಲ್ಕಾಳ ಯಂತ್ರವಾಗಲಿ ಉರ್ಪೊನದಾಗಲಿ ಇನ್ನೂ ಓದಿಲ್ಲ. ಓದಿಸಬೇಕಾದರೆ ಯಾರಾದರೊಬ್ಬರು ಬೆಳಿಗ್ಗೆ ಒತ್ತದೆ ಇರಬೇಕು. ಹೇಳಿ ಮಾಡಿದರೆ ಅದು ಪರೀಕ್ಷೆಯಲ್ಲ, ನಾಟಕ. ಹಾಗಾಗಿ ಯಾರಿಗೂ ಹೇಳದೆ ತಾನೇ ಒತ್ತದೆ ಇರುವುದೆಂದು ತೀರ್ಮಾನಿಸಿದ. ಅವನಿಗೆ ಹತ್ತಿರದ ಎರಡು ಮನೆಗಳೆಂದರೆ ಹಿಲ್ಕಾಳದು, ಅದರಾಚೆ ಉರ್ಪೊನದು.

ಮರುದಿನ, ಪ್ರೋಗ್ರಾಂ ಪರೀಕ್ಷಿಸುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಪ್ರೋಗ್ರಾಂ ಪರೀಕ್ಷಿಸುವವನು ಮುಂಜಾನೆ ಎದ್ದು ಹಿಟ್ಟು ಕಲಸಿ ಏಲಕ್ಕಿ ಬನ್ನು ಬೇಯಿಸುವುದಿಲ್ಲ. ಮೇಜು ಒರೆಸಿ ಮೂರು ಬಟ್ಟಲು ಇಡುವುದಿಲ್ಲ. ಇಟ್ಟ ಮೇಲೆ ನಾಚಿಕೆಯಾಗಿ ಎರಡನ್ನು ಮತ್ತೆ ಕಪಾಟಿನೊಳಗೆ ಬಚ್ಚಿಡುವುದೂ ಇಲ್ಲ. ತಾರ್ಮೊ ಇದೆಲ್ಲವನ್ನೂ ಮಾಡಿದ. ತಾನು ಕಾಣದಾದರೆ ಯಾರಾದರೂ ಬರುತ್ತಾರೆಯೇ? ಅವನಿಗೆ ತಿಳಿಯಬೇಕಾಗಿದ್ದದ್ದು ಇಷ್ಟೇ, ಮತ್ತು ಇದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ.

ಮಧ್ಯಾಹ್ನವಾಯಿತು. ಪರದೆಯಲ್ಲಿ ಅವನ ಹೆಸರೊಂದನ್ನು ಬಿಟ್ಟು ಎಲ್ಲವೂ ಹಸಿರು. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಅವನು ಕಿಟಕಿಯ ಪಕ್ಕದ ಮೇಜಿಗೆ ಕೂತು, ಯಾವ ಯಂತ್ರದಿಂದ ಏನು ವರದಿ ಬರುತ್ತದೆಂದು ಪರದೆಯನ್ನೇ ದಿಟ್ಟಿಸುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಿಗೆ ಕಿವಿ ನೆಟ್ಟಿದ್ದ. ಸೂರಿನಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ಬನ್ನುಗಳು ಆರಿದವು. ಬಿಸಿಲು ಗೋಡೆ ಹತ್ತಿ ಇಳಿಯಿತು. ಯಾರೂ ಬರಲಿಲ್ಲ.

ಸಂಜೆಗೆ ಅವನಿಗೆ ಭಯವಾಯಿತು. ಎರಡರಲ್ಲೊಂದು: ಒಂದೋ ಪ್ರೋಗ್ರಾಂ ಕೆಟ್ಟಿದೆ, ಅವರಿಗೆ ಸುದ್ದಿಯೇ ತಲುಪಿಲ್ಲ. ಇಲ್ಲವೇ ಪ್ರೋಗ್ರಾಂ ಸರಿಯಾಗಿದೆ, ಸುದ್ದಿ ತಲುಪಿದೆ, ಆದರೂ ಬಂದಿಲ್ಲ. ಜೀವಮಾನವಿಡೀ ತನ್ನ ಬರಹದಲ್ಲಿ ತಪ್ಪಿರದಿರಲಿ ಎಂದು ಹಾರೈಸಿದ ಮನುಷ್ಯ ಅಂದು ಮೊದಲ ಬಾರಿಗೆ ತಪ್ಪಿರಲಿ ದೇವರೇ ಎಂದು ಹಾರೈಸಿದ. ಹಿಲ್ಕಾಳ ಟ್ಯಾಬ್ಲೆಟ್ ಮಧ್ಯಾಹ್ನವೇ ಕಳಿಸಿದ್ದ, ಆವರೆಗೆ ತೆರೆಯಲು ಮನಸ್ಸಾಗದಿದ್ದ ವರದಿ ತೆರೆದ.

ತಪ್ಪಿತ್ತು! ಗಂಟೆ ಬಾರಿಸಲು ಅವನು ಬಳಸಿಕೊಂಡಿದ್ದ ಒಂದು ಸಲಕರಣೆ ದೊಡ್ಡ ಯಂತ್ರಗಳ ಓದುಗನ ಬಳಿ ಇರುತ್ತದೆ, ಆ ಹಳೇ ಟ್ಯಾಬ್ಲೆಟ್ಟಿನ ಪುಟ್ಟ ಓದುಗನ ಬಳಿ ಇಲ್ಲ. ಪಾಪ, ಅವನು ಆ ಸಾಲಿನವರೆಗೆ ಬಂದು, ತಿಳಿಯದೆ, ಅಲ್ಲೇ ಕುಸಿದಿದ್ದ. ಉರ್ಪೊನ ಲ್ಯಾಪ್‌ಟಾಪ್‌ನಿಂದ ವರದಿಯೇ ಇಲ್ಲ. ಬರಹ ಒಂದೇ ಆದಮೇಲೆ ಅಲ್ಲೂ ಇದೇ ಗತಿ ಎಂದುಕೊಂಡ ತಾರ್ಮೊ. ಅಂಗೈಯಗಲದ ಬನ್ನೊಂದನ್ನು ನಿಂತಲ್ಲೇ ತಿಂದ. ಯಾರಿಗೂ ತಿಳಿದಿರಲಿಲ್ಲ! ತಿಳಿದಿದ್ದರೆ ಬರುತ್ತಿದ್ದರು! ಬೆವರುಸ್ನಾನದ ಸೌನಾಕ್ಕೆ ಸೌದೆ ಹಾಕಿ, ಬೆವರುತ್ತ, ಹಾಡು ಬಾರದ ದನಿಯಲ್ಲಿ ಹಾಡಿದ. ಎಷ್ಟೋ ತಿಂಗಳ ಮೇಲೆ ಅವನಿಗೆ ಅಷ್ಟು ಸುಖವಾಗಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಎದ್ದವನೇ ಪೊರಕೆ ಒತ್ತಿದ, ಸಾಲು ತಿದ್ದಿದ, ತಿದ್ದಿದ್ದನ್ನು ಎಲ್ಲ ಯಂತ್ರಗಳಿಗೂ ಕಳಿಸಿದ. ಹಿಲ್ಕಾಳದನ್ನು ಮಾತ್ರ ಕೈಯಾರೆ ಎಬ್ಬಿಸಬೇಕಿತ್ತು. ಹೋಗಲು ನೆಪ ಸಿಕ್ಕಿತೆಂದು ಹೊರಟ. ಅವಳ ಅಡುಗೆಮನೆಯಲ್ಲಿ ಉರ್ಪೊ ಆಗಲೇ ಕಾಫಿ ಹೀರುತ್ತಿದ್ದ.

"ನಿನ್ ಮಾತೇ ಸರಿ ಕಣೋ ಉರ್ಪೊ" ಎಂದು ತಾರ್ಮೊ ಹೊಸಿಲಲ್ಲೇ ಶುರುಮಾಡಿದ. ಅಷ್ಟು ಖುಷಿಯಿಂದ ತಪ್ಪೊಪ್ಪಿಕೊಂಡವರನ್ನು ಆ ಊರು ಕಂಡಿರಲಿಲ್ಲ. "ನಿನ್ನೆ ಬೇಕೂಂತ್ಲೇ ಒತ್ತದೆ ಕೂತಿದ್ದೆ, ಪರೀಕ್ಷೆಗೆ. ಬಡ್ಕೊಳ್ಳಲೇ ಇಲ್ಲ! ಹಿಲ್ಕಾಂದು ಅರ್ಧದಲ್ಲೇ ಕೈಕೊಟ್ಟಿದೆ. ನಿಂದೂ ಅಷ್ಟೇ ಇರ್ಬೇಕು."

ಉರ್ಪೊ ಹಿಲ್ಕಾಳ ಮುಖ ನೋಡಿದ.

"ನಂದು ಬಡ್ಕೊಂಡಿತು ಕಣೋ" ಎಂದ. "ಪ್ರಾಣ ಹೋಗೋ ಹಂಗೆ ಬಡ್ಕೊಂಡಿತು. ಲ್ಯಾಪ್‌ಟಾಪ್ ಮುಚ್ಚಳ ಬಡಿದು ಹಾಕಿ, ಮೇಲಂಗೀನೂ ಹಾಕ್ಕೊಳ್ದೆ ಓಡಿ ಬಂದೆ."

ಮುಚ್ಚಳ ಮುಚ್ಚಿದ್ದಕ್ಕೇ ವರದಿ ಬಂದಿರಲಿಲ್ಲ. ತಾರ್ಮೊ ಸರಿಮಾಡಲೆಂದು ಆಗಲೇ ಕೈಗೆತ್ತಿಕೊಂಡಿದ್ದ ಹಿಲ್ಕಾಳ ಟ್ಯಾಬ್ಲೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಎಲ್ಲಿಗೆ ಓಡಿ ಬಂದೆ?"

"ಎಲ್ಲಿಗೆ ಅಂದ್ರೆ? ನಿನ್ ಮನೇಗೆ. ದಾರೀಲಿ ಇವಳನ್ನೂ ಕೂಗಿದೆ. ಹಿಮದ ಮೇಲೆ ಕಾಲಲ್ಲಿ ಒದ್ದು ತಳ್ಳೋ ಜಾರುಗಾಡಿ ಮೇಲೆ ಬಂದ್ಳು, ಹುಡುಗಿ ಥರ."

"ಸುಮ್ನಿರಪ್ಪಾ" ಎಂದಳು ಹಿಲ್ಕಾ. "ನನ್ ಎದೆ ಢವಢವ ಅಂತಿತ್ತು ತಾರ್ಮೊ. ವಿಲ್ಯಾಮಿ ಥರಾನೇ ಆಗ್ಬಿಡ್ತಾ ಅಂತ. ನಿನ್ ಗೇಟ್ ಹತ್ರ ಬಂದು ನೋಡಿದ್ರೆ, ಕಿಟಕೀಲಿ ಕಾಣ್ತಾ ಇದ್ದೀಯ. ಗಲ್ಲಕ್ಕೆ ಕೈಕೊಟ್ಟು ಕೆಲಸ ಮಾಡ್ತಾ ಕೂತಿದ್ದೆ. ಅಬ್ಬಾ ಅನ್ನಿಸ್ತು."

"ಆಮೇಲೆ?"

"ಆಮೇಲೇನು? ವಾಪಸ್ ಬಂದ್ವಿ."

"ಜೀವಂತ ಇದ್ದೆಯಲ್ಲಯ್ಯಾ" ಎಂದ ಉರ್ಪೊ. "ಮರೆತಿದಾನೆ ಒತ್ತೋದನ್ನ, ಬಿಡು, ಕೆಲಸದಲ್ಲಿರೋನ್ನ ಯಾಕೆ ಕೆಡಿಸೋದು ಅಂದೆ."

"ಅದೂ ಅಲ್ದೆ" ಎಂದು ಹಿಲ್ಕಾ ಕಾಫಿ ಬಗ್ಗಿಸುತ್ತ ಹೇಳಿದಳು, "ಬನ್ನಿನ ಘಮ ಗೇಟಿನವರೆಗೂ ಬರ್ತಿತ್ತು. ಏಲಕ್ಕಿ ಚೆನ್ನಾಗೇ ಹಾಕಿದ್ದೆ ಅನ್ಸುತ್ತೆ. ಯಾರೋ ನೆಂಟರು ಬರೋರಿದಾರೆ, ಈ ಹೊತ್ತಲ್ಲಿ ನಾವ್ ಹೋದ್ರೆ ಚೆನ್ನಾಗಿರಲ್ಲ ಅಂತ. ಬಂದಿದ್ರಾ? ಮಾರ್ಯುತ್ ಏನಾದ್ರೂ?"

ತಾರ್ಮೊ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಿಮಗೇ ಮಾಡಿದ್ದು ಎನ್ನಬೇಕು. ಎರಡೇ ಪದ. ನಾಲಿಗೆಯ ತುದಿಯವರೆಗೂ ಬಂದವು. ಹೇಳಿದ್ದರೆ ಹಿಲ್ಕಾ ಏನೆನ್ನುತ್ತಿದ್ದಳು, ಉರ್ಪೊ ಎಂಥ ಕುಚೋದ್ಯ ಮಾಡುತ್ತಿದ್ದ, ಆ ಅಡುಗೆಮನೆಯಲ್ಲಿ ಏನಾಗುತ್ತಿತ್ತು, ಯಾರಿಗೆ ಗೊತ್ತು.

"ಇಲ್ಲ" ಎಂದ. "ಬರೋರಿದ್ರು. ಆಗ್ಲಿಲ್ಲ ಅವರಿಗೆ."

"ಅಯ್ಯೋ, ಅಷ್ಟು ಮಾಡಿಟ್ಟು!"

"ಪರ್ವಾಗಿಲ್ಲ."

ಟ್ಯಾಬ್ಲೆಟ್ ಸರಿಮಾಡಿದ. ಇನ್ನು ಮೇಲೆ ಎಲ್ಲರ ಯಂತ್ರವೂ ಬಡಿದುಕೊಳ್ಳುತ್ತದೆ ಎಂದ. ಉರ್ಪೊ ಅವನ ಬೆನ್ನು ತಟ್ಟಿ, "ಪರವಾಗಿಲ್ಲ, ನಿನ್ ನಾಯಿ ಬೊಗಳುತ್ತೆ" ಎಂದ. ಅವರ ಮಟ್ಟಿಗೆ ಪರೀಕ್ಷೆ ಗೆದ್ದಿತ್ತು. ಒಬ್ಬ ಮನುಷ್ಯ ಕಾಣೆಯಾದ, ಯಂತ್ರ ಕೂಗಿತು, ಇಬ್ಬರು ಓಡಿದರು, ಬದುಕಿದ್ದಾನೆಂದು ನೋಡಿದರು. ಬರಹದಲ್ಲಿ ಕೇಳಿದ್ದೇ ಅಷ್ಟು. ಹೋಗಿ ನೋಡಿ ಎಂದಿತ್ತು; ಅವರು ಹೋಗಿ ನೋಡಿದ್ದರು. ಸಿಟ್ಟಾಗಲು ಅವನಿಗೆ ಯಾರೂ ಸಿಗಲಿಲ್ಲ.

ಮನೆಗೆ ಬರುವಾಗ ಗೇಟಿನ ಬಳಿ ನಿಂತ. ಹಿಮದ ಹೆಪ್ಪಿನಲ್ಲಿ ಜಾರುಗಾಡಿಯ ಎರಡು ಗೆರೆ ಬಂದು, ಅರ್ಧಚಂದ್ರದಂತೆ ತಿರುಗಿ ಹೋಗಿದ್ದವು. ಪಕ್ಕದಲ್ಲಿ ಉರ್ಪೊನ ದೊಡ್ಡ ಬೂಟಿನ ಗುರುತು, ಒಂದೇ ಕಡೆ ಬಹಳ ಹೊತ್ತು ತುಳಿದಾಡಿದಂತೆ. ಹೋಗೋಣವೋ ಬೇಡವೋ ಎಂದು ಅಲ್ಲಿ ನಿಂತು ಮಾತಾಡಿಕೊಂಡಿದ್ದಾರೆ. ಅಲ್ಲಿಂದ ಮೆಟ್ಟಿಲಿಗೆ ಒಂದು ಕೂಗಿನಷ್ಟೂ ದೂರವಿರಲಿಲ್ಲ. ತಾರ್ಮೊ ಆ ಗುರುತುಗಳ ಮುಂದೆ ನಿಂತು ಅತ್ತ. ಯಾರೂ ನೋಡಲಿಲ್ಲ.

ಒಳಗೆ ಬಂದು ಬರಹ ತೆರೆದ. 'ಹೋಗಿ ನೋಡಿ' ಎಂಬುದರ ಕೆಳಗೆ ಒಂದು ಸಾಲು ಸೇರಿಸಿದ: ಬದುಕಿದ್ದಾರೆಂದು ಕಂಡರೂ ಬಾಗಿಲು ತಟ್ಟಿ, ಒಳಗೆ ಹೋಗಿ. ಅಳಿಸಿದ. ಮತ್ತೆ ಬರೆದ. ನಾಚಿಕೆಯಿಂದ ಕಿವಿ ಬಿಸಿಯಾದರೂ ಧೈರ್ಯಮಾಡಿ ಎಲ್ಲ ಯಂತ್ರಗಳಿಗೂ ಕಳಿಸಿಬಿಟ್ಟ. ಇದು ತನ್ನದೇ ಮಾತೆಂದು ಹಿಲ್ಕಾಳಿಗೆ ತಿಳಿದರೂ ತಿಳಿಯಲಿ.

ಕಳಿಸಿದ ಮೇಲೆ ಅವನಿಗೆ ಹೊಳೆಯಿತು. ಆ ಸಾಲು ಯಾವ ಪರದೆಯ ಮೇಲೂ ಸುಮ್ಮನೆ ಕಾಣಿಸುವುದಿಲ್ಲ. ಒತ್ತದ ದಿನ ಮಾತ್ರ ಓದುಗ ಅಲ್ಲಿಗೆ ಬರುತ್ತಾನೆ. ಇನ್ನೊಮ್ಮೆ ಬೇಕೆಂದೇ ಒತ್ತದೆ ಕೂರುವುದು ಮೋಸ. ಮೇಲಂಗಿಯಿಲ್ಲದೆ ಓಡಿಬರುವ ಮುದುಕನನ್ನೂ ಎದೆ ಹಿಡಿದುಕೊಂಡು ಬರುವ ಹಿಲ್ಕಾಳನ್ನೂ ಇನ್ನೊಮ್ಮೆ ಹಾಗೆ ಓಡಿಸುವುದು ಅವನಿಂದಾಗದು. ಹಾಗಾದರೆ ಅವನ ಸಲುವಾಗಿ ಆ ಸಾಲನ್ನು ಅವರು ಓದುವುದು, ಅವರು ತಟ್ಟಿದರೂ ಅವನು ಬಾಗಿಲು ತೆರೆಯಲಾಗದ ದಿನವೇ.

ಸಾಲನ್ನು ಅವನು ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದು, ಕಾಫಿಗೆ ನೀರಿಟ್ಟು, ಪೊರಕೆಯ ಚಿತ್ರದ ಮೇಲೆ ಬೆರಳೊತ್ತಿದ. ಲ್ಯಾಪ್‌ಟಾಪಿಗೂ ಟ್ಯಾಬ್ಲೆಟ್ಟಿಗೂ ಫೋನುಗಳಿಗೂ ಗಡಿಯಾರಕ್ಕೂ, ತಾರ್ಮೊ ಚೆನ್ನಾಗಿದ್ದಾನೆ ಎಂದು ಸುದ್ದಿ ಹೋಯಿತು.