ಜೊಂಡು ಕಿತ್ತ ಮೇಲೆ

“ಲೇ ಕತ್ತೆಮುಂಡೇದೇ, ಇದೇನು ನಿಮ್ಮಪ್ಪನ ದನ ಕಟ್ಟೋ ಹಿತ್ತಲಾ? ಮಂತ್ರಿಗಳು ಬರೋ ಜಾಗದಲ್ಲಿ ಆಳೆತ್ತರ ಕಳೆ ಬೆಳೆಸಿದೀಯಲ್ಲ!”

ಪಂಚಾಯ್ತಿ ಅಧ್ಯಕ್ಷರು ಬೈಯುತ್ತಿದ್ದದ್ದು ನನ್ನನ್ನು, ಬೊಟ್ಟು ಮಾಡಿದ್ದು ಜೊಂಡಿನ ಕಡೆ. ಊರಿನ ಬಚ್ಚಲು, ಕಕ್ಕಸು ಎಲ್ಲದರ ನೀರೂ ಪೈಪಿನಲ್ಲಿ ಹರಿದು ನಮ್ಮ ಗುಡಿಸಲುಗಳ ಪಕ್ಕದ ತೊಟ್ಟಿಗೆ ಬರುತ್ತದೆ. ದೊಡ್ಡವರ ಮೂಗಿಗೆ ವಾಸನೆ ಬಡಿಯಬಾರದಲ್ಲ. ನಮ್ಮ ಮೂಗು ಬಿಟ್ಟಿ ಸಿಕ್ಕಿದ್ದು ತಾನೇ? ತೊಟ್ಟಿಯಲ್ಲಿ ಗಸಿ ತಳಕ್ಕಿಳಿದ ಮೇಲೆ ನೀರು ಜಲ್ಲಿಯ ಮಡಿಗೆ ಹೋಗುತ್ತದೆ. ಅಲ್ಲಿ ನೆಟ್ಟ ಜೊಂಡಿನ ಬೇರುಗಳ ನಡುವೆ ನುಸುಳಿ ಆಚೆ ಬರುವಷ್ಟರಲ್ಲಿ ತಿಳಿಯಾಗಿರುತ್ತದೆ. ಐದು ವರ್ಷದಿಂದ ನಾನೂ ಗಂಡನೂ ಆ ಜೊಂಡನ್ನು ಮಕ್ಕಳ ಹಾಗೆ ಸಾಕಿದ್ದೆವು.

“ಯಜಮಾನ್ರೇ, ಅದು ಕಳೆ ಅಲ್ಲ. ನಿಮ್ಮ ಹೇಲು ತೊಳೆಯೋದೇ ಅದು,” ಅಂದೆ.

ಅವರ ಜೊತೆ ಬಂದಿದ್ದ ಇಂಜಿನಿಯರ್ ಮೂಗಿಗೆ ಹಿಡಿದ ಕರ್ಚೀಫಿನೊಳಗಿಂದಲೇ ನಕ್ಕ. “ಹುಲ್ಲು ತೊಳೆಯುತ್ತಂತೆ! ಸಾರ್, ಇವಳನ್ನೇ ಚೀಫ್ ಇಂಜಿನಿಯರ್ ಮಾಡ್ಬಿಡೋಣ.”

ನಕ್ಕರಪ್ಪ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೊಂಡನ್ನು ನಮ್ಮ ಕೈಯಲ್ಲೇ ಬೇರುಸಮೇತ ಕೀಳಿಸಿದರು. ಬರೀ ಜಲ್ಲಿ ಕಂಡರೆ ಅಸಹ್ಯವಂತೆ. ಮೇಲೆ ಎರಡು ಟ್ರ್ಯಾಕ್ಟರ್ ಕೆಮ್ಮಣ್ಣು ಸುರಿಸಿ ಗುಲಾಬಿ ನೆಡಿಸಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಇಲ್ಲಿ ಹೇಲಿನ ಜುಟ್ಟಿಗೆ ಗುಲಾಬಿ.

ನಾಲ್ಕೇ ದಿನ. ಮಣ್ಣು ಜಲ್ಲಿಯ ಸಂದಿಗೆಲ್ಲ ಇಳಿದು ಗಾರೆ ಹಾಕಿದ ಹಾಗೆ ಕೂತಿತು. ಮುಂದೆ ದಾರಿ ಇಲ್ಲದೆ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಹೋಗಿ, ಅಧ್ಯಕ್ಷರ ಅಮೃತಶಿಲೆಯ ಬಚ್ಚಲಲ್ಲಿ ಬುಳಬುಳನೆ ಉಕ್ಕಿತು. ಅವರ ಹೆಂಡತಿ ಆಗ ಸೋಪು ಹಚ್ಚಿಕೊಂಡು ನಿಂತಿದ್ದರಂತೆ. ದೇವರು ಇದ್ದಾನೆ ಅಂತ ನನಗೆ ಅವತ್ತೊಂದು ದಿನ ಅನ್ನಿಸಿತು.

ಮಂತ್ರಿ ಬರಲು ಒಂದೇ ದಿನ ಬಾಕಿ. ಬೆಳಿಗ್ಗೆಯೇ ಎಲ್ಲರೂ ಓಡಿ ಬಂದರು. ಮೋಟರ್ ಹಾಕಿಸಿ ತೊಟ್ಟಿಯ ನೀರನ್ನು ಅರ್ಧಕ್ಕಿಳಿಸಿ, ಕಬ್ಬಿಣದ ಏಣಿ ಇಳಿಬಿಡಿಸಿದರು.

“ತೊಟ್ಟಿ ಬಾಯಿ ಕಟ್ಕೊಂಡಿದೆ. ಇಳಿದು ಕೋಲಲ್ಲಿ ತಿವಿಯೋ,” ಅಂತ ಇಂಜಿನಿಯರ್ ನನ್ನ ಗಂಡನಿಗೆ ಹೇಳಿದ.

“ಕಟ್ಕೊಂಡಿರೋದು ತೊಟ್ಟಿ ಅಲ್ಲ ಸ್ವಾಮಿ, ನಿಮ್ಮ ಗುಲಾಬಿ ತೋಟ. ಆ ಮಣ್ಣು ತೆಗೆಸಿ,” ಅಂದೆ.

“ಮಂತ್ರಿಗಳು ಹೂವಿನ ಮುಂದೆ ಫೋಟೋ ತೆಗೆಸ್ಕೋಬೇಕು. ಬಾಯಿ ಮುಚ್ಚೇ!” ಅಧ್ಯಕ್ಷರು ಗಂಡನ ಕಡೆ ತಿರುಗಿದರು. “ಏನೋ ಮಿಕಿಮಿಕಿ ನೋಡ್ತೀಯಾ, ಬೋಳಿಮಗನೇ? ಇಳಿಯೋ. ಇಲ್ಲಾಂದ್ರೆ ನಾಳೆಯಿಂದ ಇಬ್ಬರಿಗೂ ಕೆಲಸ ಇಲ್ಲ.”

ಗಂಡ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಬೈದರೂ ಹೂಂ ಅನ್ನುವವನು, ಅದೇ ಅವನ ರೋಗ.

ಹೋದ ವರ್ಷ ಮಿಲ್ಲಿನ ಕಕ್ಕಸು ಗುಂಡಿಗೆ ಇಳಿಯುವಾಗ ನನ್ನ ತಮ್ಮನೂ ಹೀಗೇ ಅಂಗಿ ಕೊಟ್ಟಿದ್ದ. ಮೂರನೇ ಮೆಟ್ಟಿಲಿಗೆ ಅವನ ಮಾತು ನಿಂತಿತು. ಹಗ್ಗ ಹಾಕಿ ಹೆಣ ಎಳೆದು ಮಲಗಿಸಿದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. “ಗುಂಡಿಯ ವಿಷಗಾಳಿ ಕುಡಿದಿದಾನೆ,” ಅಂದರು ಡಾಕ್ಟರು, ಹೆಂಡ ಕುಡಿದಿದಾನೆ ಅನ್ನುವ ಹಾಗೆ.

“ಬೇಡ ಕಣ್ರೀ, ಇಳೀಬೇಡಿ,” ಅಂದೆ.

“ಸುಮ್ನಿರೇ. ಐದು ನಿಮಿಷದ ಕೆಲಸ.” ಅವನು ಏಣಿಯ ಕಡೆ ನಡೆದ.

ನಾನು ಅವನಿಗಿಂತ ಮುಂಚೆ ಹೋಗಿ ಏಣಿಯ ತಲೆಗೆ ಜಾಡಿಸಿ ಒದ್ದೆ. ಅದು ಅಂಚಿನಿಂದ ಜಾರಿ, ಗೋಡೆಗೆ ಒಂದು ಸಲ ಬಡಿದು, ಗಸಿಯೊಳಗೆ ಮುಳುಗಿತು. ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ನಾಲ್ಕು ಹನಿ ಸಿಡಿದವು.

“ಅಯ್ಯೋ ಹಾಳಾದೋಳೇ! ಊರಿಗೆಲ್ಲ ಇದ್ದಿದ್ದು ಅದೊಂದೇ ಏಣಿ ಕಣೇ!”

“ಹೌದಾ ಯಜಮಾನ್ರೇ?” ಗಂಡನ ಅಂಗಿಯನ್ನು ಅವನ ಹೆಗಲಿಗೆ ಹಾಕಿದೆ. “ಹಾಗಿದ್ರೆ ಇಳಿದು ತಗೊಳ್ಳಿ.”