ಹಾಸಿಗೆಯಡಿ ಇದ್ದ ಸೂಜಿ

ಹೊಸೂರಿನ ಬಳಿ, ತಮಿಳುನಾಡು ಗಡಿಯ ಜೂಜುವಾಡಿಯ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಒಂದು ತಿಂಗಳಿಂದ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ತಿಗಣೆ ಕಾಟ. ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ದುಡಿದು ಬಂದ ಹುಡುಗಿಯರು ಮಲಗುವ ಬದಲು ಮೈ ಕೆರೆದುಕೊಳ್ಳುತ್ತಾ ಕೂರುತ್ತಿದ್ದರು. ಕೊನೆಗೆ ವಾರ್ಡನ್ ಹೊಸೂರಿನ ಒಂದು ಪೆಸ್ಟ್ ಕಂಟ್ರೋಲ್ ಅಂಗಡಿಗೆ ಫೋನ್ ಮಾಡಿದರು. ಹುಡುಗಿಯರ ಬಟ್ಟೆಬರೆ, ಹಾಸಿಗೆ ಮುಟ್ಟುವ ಕೆಲಸ, ಜೊತೆಗೊಬ್ಬ ಹೆಂಗಸನ್ನೂ ಕಳಿಸಿ ಎಂದರು. ಹಾಗೆ ಬಂದವಳು ಮುನಿಲಕ್ಷ್ಮಿ.

ಸಾನಮಾವಿನ ಕಡೆಯ ಹಳ್ಳಿಯವಳು. ಎರಡು ಮಕ್ಕಳ ತಾಯಿ. ಈ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಅವಳಿಗೆ ಕೆಲಸ ಕಲಿಸಿದ್ದು ಬೋರಯ್ಯ. ಹದಿನಾಲ್ಕು ವರ್ಷದಿಂದ ಔಷಧಿ ಹೊಡೆಯುತ್ತಿದ್ದ ಹಳೆಯ ಕೈ. ಅವತ್ತೂ ಅವನು ಬಾಗಿಲ ಬಳಿ ಕೂತು ಔಷಧಿ ಕಲೆಸುತ್ತಿದ್ದ, ಅವಳು ಒಳಗೆ ಹಾಸಿಗೆ ಎತ್ತುತ್ತಿದ್ದಳು.

ಕಿಟಕಿ ಪಕ್ಕದ ಮಂಚ. ಗೋಡೆಗೂ ಹಾಸಿಗೆಗೂ ನಡುವೆ ಕೈ ತೂರಿಸಿದಳು. ಚುರ್ ಎಂದಿತು. ಕೈ ಎಳೆದುಕೊಂಡು ನೋಡಿದರೆ ತೆಳು ಗ್ಲೌಸ್ ತೂತಾಗಿ, ಬೆರಳಲ್ಲಿ ರಕ್ತ ಒಸರುತ್ತಿತ್ತು. ಹಾಸಿಗೆ ಸರಿಸಿದಳು. ಅಡಿಯಲ್ಲಿ ಮುಚ್ಚಳವಿಲ್ಲದ ಸಣ್ಣ ಸಿರಿಂಜು.

"ಅಣ್ಣಾ, ಸೂಜಿ ಚುಚ್ಬುಡ್ತು!"

ಬೋರಯ್ಯ ಎದ್ದು ಬಂದು ನೋಡಿದ. "ಅಷ್ಟೇನಾ? ಹಿಂಡಿ ರಕ್ತ ತೆಗ್ದು ಒಂಚೂರು ಸುಣ್ಣ ಮೆತ್ಕೋ. ನಂಗೂ ಚುಚ್ಚೈತೆ. ನೋಡು, ಗುಂಡುಕಲ್ಲಂಗಿವ್ನಿ. ಇನ್ನೂ ಆರು ರೂಮು ಬಾಕಿ ಐತೆ, ನಡಿ."

ಮುನಿಲಕ್ಷ್ಮಿಗೆ ಸಮಾಧಾನವಾಗಲಿಲ್ಲ. ಯಾರ ಮೈಗೆ ಚುಚ್ಚಿದ ಸೂಜಿಯೋ ಏನೋ! ಅವಳ ಪಕ್ಕದ ಬೀದಿಯ ರಮಾದೇವಿ ಹೊಸೂರಿನ ಸರ್ಕಾರಿ ಆಸ್ಪತ್ರೆ ಜಿ.ಎಚ್.ನಲ್ಲಿ ನರ್ಸ್. ಅವಳಿಗೆ ಫೋನ್ ಮಾಡಿದಳು.

"ಚುಚ್ಚಿ ಎಷ್ಟೊತ್ತಾಯ್ತು?" ರಮಾದೇವಿ ಮೊದಲು ಕೇಳಿದ್ದು ಅದು.

"ಈಗ್ಲೇ ಅಕ್ಕಾ. ಐದು ನಿಮಿಷ ಆಗಿರ್ಬೋದು."

"ಹಂಗಾದ್ರೆ ಹೆದರ್ಬೇಡ, ಟೈಮೈತೆ. ಗ್ಲೌಸ್ ತೆಗ್ದು, ನಲ್ಲಿ ಬಿಟ್ಕೊಂಡು, ಸೋಪ್ ಹಾಕಿ ಚೆನ್ನಾಗಿ ತೊಳಿ. ಹಿಂಡ್ಬೇಡ. ಬಾಯಲ್ಲಿ ಚೀಪ್ಬೇಡ. ಸುಣ್ಣ, ಅರಿಶಿಣ ಏನೂ ಬೇಡ. ಸೂಜೀನ ಯಾರೂ ಕೈಲಿ ಮುಟ್ಬೇಡಿ, ಇಕ್ಕಳದಲ್ಲಿ ಎತ್ತಿ ಗಟ್ಟಿ ಡಬ್ಬೀಗೆ ಹಾಕಿ ಮುಚ್ಚಿ. ಸೀದಾ ಇಲ್ಲಿಗೆ ಬಾ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಬೋರಯ್ಯ ಮುಖ ಗಂಟಿಕ್ಕಿಕೊಂಡ. "ಜಿ.ಎಚ್.ಗಾ? ಅಲ್ಲಿ ಏಡ್ಸ್ ಟೆಸ್ಟ್ ಮಾಡ್ತಾರೆ ಕಣಮ್ಮ. ಊರೋರು ಯಾರಾನಾ ನೋಡಿದ್ರೆ ಏನಂದ್ಕೊಂಡಾರು?"

ಆ ಮಾತು ರಮಾದೇವಿಗೂ ಕೇಳಿಸಿತು. "ಫೋನ್ ಆ ಅಣ್ಣಂಗೆ ಕೊಡು," ಎಂದಳು. "ಅಣ್ಣಾ, ಆ ಸೂಜೀಲಿ ಇನ್ನೊಬ್ರ ರಕ್ತ ಇದ್ರೆ ಎಚ್‌ಐವಿ ಬರ್ಬೋದು, ಲಿವರ್ ಹಾಳು ಮಾಡೋ ಹೆಪಟೈಟಿಸ್ ಬರ್ಬೋದು. ಚುಚ್ಚಿದೋರಿಗೆಲ್ಲಾ ಬಂದೇ ಬತ್ತದೆ ಅಂತಲ್ಲ. ಆದ್ರೆ ಎಚ್‌ಐವಿ ತಡೆಯೋ ಮಾತ್ರೆ ಐತೆ. ಎರಡು ಗಂಟೆ ಒಳ್ಗೆ ನುಂಗಿದ್ರೆ ಬಲು ಒಳ್ಳೇದು. ಮೂರು ದಿನ ದಾಟಿದ್ರೆ ಆ ಮಾತ್ರೆ ಕೆಲಸಕ್ಕೆ ಬರಾಕಿಲ್ಲ. ಟೆಸ್ಟ್ ವಿಷ್ಯ ಯಾರಿಗೂ ಹೇಳಾಕಿಲ್ಲ ನಾವು. ಊರೋರ ಮಾತು ಆಮೇಲೆ ನೋಡೋಣ, ಕರ್ಕೊಂಡ್ ಬಾ."

ಮುನಿಲಕ್ಷ್ಮಿ ಕೈ ತೊಳೆದು ಬರುವಷ್ಟರಲ್ಲಿ ಬೋರಯ್ಯ ಹಾಸ್ಟೆಲಿನ ಅಡುಗೆಮನೆಯ ಇಕ್ಕಳದಿಂದ ಸೂಜಿಯನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಿದ. ಗಾಡಿ ಸ್ಟಾರ್ಟ್ ಮಾಡಿದ.

ಲಾರಿಗಳ ಸಾಲು ದಾಟಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಡಾಕ್ಟರು ತಮಿಳಿನಲ್ಲಿ ಹೇಳಿದ್ದನ್ನು ರಮಾದೇವಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ರಕ್ತ ತೆಗೆದರು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಿದರು. ಧನುರ್ವಾಯು ಬಾರದಂತೆ ಟಿ.ಟಿ. ಇಂಜೆಕ್ಷನ್ ಕೊಟ್ಟರು. ಮಾತ್ರೆಯನ್ನು ಅಲ್ಲೇ, ತಮ್ಮ ಎದುರಿಗೇ ನುಂಗಿಸಿದರು. ದಿನಕ್ಕೊಂದರಂತೆ ಇಪ್ಪತ್ತೆಂಟು ದಿನ ತಪ್ಪಿಸಬಾರದು ಎಂದರು.

"ಅಕ್ಕಾ, ಮಾತ್ರೆ ಕೊಟ್ರು ಅಂದ್ರೆ ನಂಗೆ ಬಂದೈತೆ ಅಂತಾನಾ?" ಎಂದು ಕೇಳಿದಳು ಮುನಿಲಕ್ಷ್ಮಿ.

"ಇಲ್ಲ ಕಣೇ. ಬರ್ದೇ ಇರ್ಲಿ ಅಂತ ಕೊಟ್ಟಿರೋದು."

ಮನೆಗೆ ಹೋದ ಮೇಲೆ ಅವಳು ಗಂಡ ಮುನೀಶನಿಗೆ ಒಂದೂ ಬಿಡದೆ ಹೇಳಿದಳು. ಅವನು ಕೆಲಸವನ್ನೇ ಬಿಟ್ಟುಬಿಡು ಎಂದ. ಆಮೇಲೆ ತಾನೇ ಅಡುಗೆಗೆ ನಿಂತ. ಅವಳಿಗೆ ಮಾತ್ರ ತುತ್ತು ಇಳಿಯಲಿಲ್ಲ.

ಸಂಜೆ ಆರಕ್ಕೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆ ಹುಡುಗಿಯೊಬ್ಬಳು ಅಳುತ್ತಿದ್ದಳು.

"ಅಕ್ಕಾ, ನನ್ನ ಹೆಸರು ಮಾಲಿನಿ. ವಾರ್ಡನ್ ನಂಬರ್ ಕೊಟ್ರು. ಆ ಸೂಜಿ ನಂದು. ನಂಗೆ ಶುಗರ್ ಇದೆ, ದಿನಾ ಇನ್ಸುಲಿನ್ ತಗೋತೀನಿ. ರೂಮಿನವರಿಗೆ ಗೊತ್ತಾಗಬಾರದು ಅಂತ ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದೆ. ತಪ್ಪಾಯ್ತು ಅಕ್ಕಾ."

ಮುನಿಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದಳು. ಆ ಹುಡುಗಿ ಬಿಕ್ಕುವುದು ಕೇಳಿ, ನುಂಗಿಕೊಂಡಳು.

"ಹೇಳ್ಬುಟ್ಯಲ್ಲ, ಅದೇ ದೊಡ್ಡದು. ನಾಳೆ ಜಿ.ಎಚ್.ಗೆ ಬತ್ತೀಯಾ? ನಿನ್ ರಕ್ತ ನೋಡಿದ್ರೆ ನಂಗೆ ಉಸಿರಾಡೋಕಾಯ್ತದೆ."

"ಬರ್ತೀನಿ ಅಕ್ಕಾ. ಖಂಡಿತಾ ಬರ್ತೀನಿ."

ಮಾಲಿನಿ ಮಾತು ತಪ್ಪಲಿಲ್ಲ. ಮಾರನೆಯ ದಿನ ಒಪ್ಪಿಗೆ ಕೊಟ್ಟು ಪರೀಕ್ಷೆ ಮಾಡಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ಹಿಡಿದು, ಹೊರಗೆ ಕಾಯುತ್ತಿದ್ದ ಮುನಿಲಕ್ಷ್ಮಿಯ ಬಳಿಗೆ ತಾನೇ ಓಡಿ ಬಂದಳು. "ಏನೂ ಇಲ್ಲ ಅಕ್ಕಾ! ಎಚ್‌ಐವಿ ಇಲ್ಲ, ಹೆಪಟೈಟಿಸೂ ಇಲ್ಲ!"

ಡಾಕ್ಟರು ಎಲ್ಲ ವಿಚಾರಿಸಿ, ಇನ್ನು ಮಾತ್ರೆ ಬೇಡ, ಲಸಿಕೆಯ ಉಳಿದೆರಡು ಡೋಸ್ ಮಾತ್ರ ತಪ್ಪಿಸಬೇಡ ಎಂದರು. ಮುನಿಲಕ್ಷ್ಮಿ ಮಾಲಿನಿಯ ಕೈ ಹಿಡಿದುಕೊಂಡು ನಕ್ಕಳು, ಅತ್ತಳು. ಆಗ ಅವಳಿಗೆ ಎಂಥ ಹಸಿವಾಯಿತೆಂದರೆ, ಎದುರಿನ ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು, ಮತ್ತೆ ಎರಡು ಹಾಕಿಸಿಕೊಂಡಳು.

ವಾಪಸ್ಸು ಬಂದಾಗ, ಬೆಳಿಗ್ಗೆ ಅವಳನ್ನು ಗಾಡಿಯಲ್ಲಿ ಕರೆತಂದಿದ್ದ ಬೋರಯ್ಯ ಇನ್ನೂ ಆಸ್ಪತ್ರೆಯ ಬೆಂಚಿನ ಮೇಲೇ ಕೂತಿದ್ದ. ರಮಾದೇವಿ ಹತ್ತಿರ ಬಂದಾಗ ತಲೆಯೆತ್ತದೆ ಕೇಳಿದ.

"ಅಮ್ಮಾ... ನಾಲ್ಕು ವರ್ಷದ ಹಿಂದೆ ಒಂದು ಲಾಡ್ಜಲ್ಲಿ ನಂಗೂ ಚುಚ್ಚಿತ್ತು. ಸೂಜೀಲಿ ರಕ್ತ ಇತ್ತು. ಯಾರ್ಗೂ ಹೇಳ್ಲಿಲ್ಲ, ನನ್ ಹೆಂಡ್ತಿ ಚೆನ್ನಮ್ಮಂಗೂ ಹೇಳ್ಲಿಲ್ಲ. ಅವತ್ತಿಂದ ಸಣ್ಣ ಜ್ವರ ಬಂದ್ರೂ ಮುಗೀತು ಕಥೆ ಅನ್ನಿಸ್ತದೆ. ಗುಂಡುಕಲ್ಲು ಅಂತ ಬಾಯಲ್ಲಿ ಹೇಳ್ತಿದ್ದೆ ಅಷ್ಟೇ. ಈಗ ನೋಡ್ಬೋದಾ?"

"ಯಾವಾಗ ಬೇಕಾದ್ರೂ ನೋಡ್ಬೋದು. ಒಂದ್ವೇಳೆ ಇದ್ರೂ ಔಷಧಿ ಐತೆ. ಬಾ ಅಣ್ಣ."

ರಿಪೋರ್ಟ್ ಬರುವವರೆಗೆ ಮುನಿಲಕ್ಷ್ಮಿ ಅವನ ಪಕ್ಕದಲ್ಲೇ ಕೂತಳು. ಕೊನೆಗೆ ರಮಾದೇವಿ ಬಾಗಿಲಲ್ಲಿ ನಿಂತು ಅವನನ್ನು ಒಳಗೆ ಕರೆದಳು. ಹೊರಬಂದವನು ಮೆಟ್ಟಿಲ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡ. "ಏನೂ ಇಲ್ವಂತೆ," ಎಂದ. ಆಮೇಲೆ ಹೆಂಡತಿಗೆ ಫೋನ್ ಮಾಡಿದ.

"ಚೆನ್ನೀ, ಸಂಜೆಗೆ ಕೋಳಿ ತರ್ತೀನಿ."

"ಯಾಕೆ? ಏನ್ ವಿಶೇಷ?"

"ಬಂದ್ ಹೇಳ್ತೀನಿ. ಎಲ್ಲಾ ಹೇಳ್ತೀನಿ."

ಮುಂದಿನ ವಾರ ಅಂಗಡಿಯ ಮಾಲೀಕರ ಹತ್ತಿರ ಮೊದಲು ಮಾತಾಡಿದವನು ಬೋರಯ್ಯನೇ. ಈಗ ಅಲ್ಲಿ ಎಲ್ಲರಿಗೂ ದಪ್ಪ ಗ್ಲೌಸ್, ಟಾರ್ಚ್, ಉದ್ದ ಇಕ್ಕಳ, ಸೂಜಿ ಹಾಕಲು ಗಟ್ಟಿ ಡಬ್ಬಿ ಉಂಟು. ಐದು ಜನ ಕೆಲಸದವರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳುತ್ತಿದ್ದಾರೆ. ಮುನೀಶ ಕೆಲಸ ಬಿಡು ಎನ್ನುವುದನ್ನು ಬಿಟ್ಟಿದ್ದಾನೆ. ಬೆಳಿಗ್ಗೆ ಹೊರಡುವಾಗ "ಗ್ಲೌಸ್ ತಗೊಂಡ್ಯಾ?" ಎಂದಷ್ಟೇ ಕೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಔಷಧಿ ಹೊಡೆಯುವವರೇ, ಕಸ ಎತ್ತುವವರೇ, ರೂಮು ಗುಡಿಸುವವರೇ? ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ. ಲಸಿಕೆ ಈಗಲೇ ಹಾಕಿಸಿಕೊಳ್ಳಿ. ಸೂಜಿ ಚುಚ್ಚಿದರೆ ಸೋಪು ನೀರಲ್ಲಿ ತೊಳೆದು, ಅವತ್ತೇ, ಆ ಗಳಿಗೆಯಲ್ಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅನುಮಾನವಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಿ, ದುಡ್ಡು ಬೀಳುವುದಿಲ್ಲ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಸೂಜಿಯನ್ನು ಗಟ್ಟಿ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಆಸ್ಪತ್ರೆಗೆ ಒಪ್ಪಿಸಿ. ಶುಗರ್ ಇದೆಯೆಂದು ನಾಚಿಕೆ ಪಡಬೇಕಾಗಿಲ್ಲ, ಚುಚ್ಚಿತೆಂದು ಹೇಳಲೂ ನಾಚಿಕೆ ಬೇಡ. ಬೋರಯ್ಯ ನಾಲ್ಕು ವರ್ಷ ಒಬ್ಬನೇ ಹೆದರಿದ. ನೀವು ಒಂದು ದಿನವೂ ಹಾಗೆ ಹೆದರಬೇಡಿ.